ಹೈಸ್ಕೂಲ್ ಮ್ಯೂಸಿಕಲ್, ವಿಜಯಪುರ ಶಾಖೆ

ವಿಜಯಪುರದಲ್ಲಿ ಈಗ ಗ್ಯಾದರಿಂಗ್, ಅಂದರೆ ಶಾಲಾ ವಾರ್ಷಿಕೋತ್ಸವದ ಸೀಜನ್. ನಮ್ಮ ಕಡೆಯ ಒಂದು ಶಾಲೆ ಈ ಸಲ ಅಮೆರಿಕದ ‘ಹೈಸ್ಕೂಲ್ ಮ್ಯೂಸಿಕಲ್’ ಸಿನಿಮಾದ ಥೀಮ್ ಇಟ್ಟುಕೊಂಡಿದೆ. ಮಕ್ಕಳು ಕ್ಯಾಂಟೀನಿನ ಟೇಬಲ್ ಹತ್ತಿ ಕುಣಿಯಬೇಕಂತೆ. ಶಾಲೆಯಲ್ಲಿ ಕ್ಯಾಂಟೀನೇ ಇಲ್ಲ. ಬೇರೆ ದಿನ ಟೇಬಲ್ ಹತ್ತಿದರೆ ಟಿ.ಸಿ. ಕೈಗೆ ಬರುತ್ತದೆ. ಪರವಾಗಿಲ್ಲ, ಪೆಂಡಾಲಿನವರು ಟೇಬಲ್ ಬಾಡಿಗೆಗೆ ಕೊಡುತ್ತಾರೆ.

ಇಂಥ ಸಿನಿಮಾ ಮಕ್ಕಳಿಗೆ ಯಾಕೆ ಹಿಡಿಸುತ್ತದೆ ಎನ್ನುವುದಕ್ಕೆ ಪಿಎಚ್‌ಡಿ ಬೇಕಿಲ್ಲ. 2006ರಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಬಂದ ಆ ಕಥೆಯನ್ನೇ ನೋಡಿ. ಬಾಸ್ಕೆಟ್‌ಬಾಲ್ ಕ್ಯಾಪ್ಟನ್‌ಗೆ ಹಾಡುವ ಆಸೆ. ಕೋಚ್ ಬೇರೆ ಯಾರೂ ಅಲ್ಲ, ಅವನಪ್ಪ. ಓದಿನಲ್ಲಿ ಜಾಣೆಯಾದ ಹುಡುಗಿಯೊಬ್ಬಳು ಜೊತೆಗೆ ಹಾಡುತ್ತಾಳೆ. ಆಡಿಷನ್, ಮ್ಯಾಚ್, ಆಕೆಯ ಸ್ಪರ್ಧೆ ಮೂರೂ ಒಂದೇ ದಿನ ಬೀಳುತ್ತವೆ. ಇಡೀ ಸಿನಿಮಾದ ದೊಡ್ಡ ಸಂಕಟ ಅಷ್ಟೇ! ಮ್ಯಾಚ್ ನಿಲ್ಲಿಸಲು ಗೆಳೆಯರು ಕಂಪ್ಯೂಟರ್ ಹಿಡಿದು ಸ್ಕೋರ್‌ಬೋರ್ಡು, ಲೈಟು ಕೆಡಿಸುತ್ತಾರೆ. ನಮ್ಮಲ್ಲಿ ಅಷ್ಟು ತ್ರಾಸ ಬೇಡ, ಕರೆಂಟು ತಾನಾಗಿಯೇ ಹೋಗುತ್ತದೆ. ಬೋರ್ಡ್ ಪರೀಕ್ಷೆ ಎಂಬ ಮಾತೇ ಇಲ್ಲದ ಹೈಸ್ಕೂಲು, ಮಗನ ಹಾಡು ಕೇಳುವ ಅಪ್ಪ. ನಮ್ಮ ಹುಡುಗರಿಗೆ ಇದಕ್ಕಿಂತ ದೊಡ್ಡ ಮಾಯಾಲೋಕ ಯಾವುದಿದೆ ಹೇಳಿ?

ಇಲ್ಲಿ ಟೈಮ್‌ಟೇಬಲ್‌ನಲ್ಲಿ ವಾರಕ್ಕೊಂದು ಸಂಗೀತದ ಪಿರಿಯಡ್ ಇದೆ. ಜೂನ್‌ನಲ್ಲಿ ಗಣಿತದ ಮಾಸ್ತರು ಅದನ್ನು ಸಾಲವಾಗಿ ತೆಗೆದುಕೊಂಡರು, ಇನ್ನೂ ತೀರಿಸಿಲ್ಲ. ಪಿ.ಟಿ. ಪಿರಿಯಡ್ ವಿಜ್ಞಾನದವರ ವಶದಲ್ಲಿದೆ. ಹೀಗೆ ವರ್ಷವಿಡೀ ಬಾಯಿ ಮುಚ್ಚಿಸಿ, ಡಿಸೆಂಬರ್‌ನಲ್ಲಿ ಹೊರಗಿನಿಂದ ಡ್ಯಾನ್ಸ್ ಮಾಸ್ತರನ್ನು ಕರೆಸುತ್ತಾರೆ. ಮೊನ್ನೆ ರಿಹರ್ಸಲ್‌ನಲ್ಲಿ ಅವರು ಪೀಪಿ ಊದಿ ಗದರುತ್ತಿದ್ದರು: “ನಗ್ರಿ! ನಗ್ರಿ ಅಂದ್ನಿ! ಸ್ವಾತಂತ್ರ್ಯ ಸಿಕ್ಕದ ನಿಮಗ, ಮಾರಿ ಹಂಗ್ಯಾಕ ಮಾಡೀರಿ?”

ಹಾಡುವವರು ಯಾರೂ ಇಲ್ಲ. ಪೆನ್‌ಡ್ರೈವ್ ಹಾಡುತ್ತದೆ, ಮಕ್ಕಳು ಸುಮ್ನೆ ತುಟಿ ಆಡಿಸುತ್ತಾರೆ. ಇದರಲ್ಲಿ ಮಾತ್ರ ಮೂಲಕ್ಕೆ ಮೋಸವಿಲ್ಲ. ಆ ಮೊದಲ ಸಿನಿಮಾದಲ್ಲೂ ನಾಯಕ ಝ್ಯಾಕ್ ಎಫ್ರಾನ್‌ನ ಹಾಡುಗಳಲ್ಲಿ ಬಹುಪಾಲು ಕೇಳಿಸುವುದು ಡ್ರೂ ಸೀಲಿ ಎಂಬ ಗಾಯಕನ ದನಿಯೇ.

ಅಂದಹಾಗೆ, ನಾಲ್ಕು ನೂರು ವರ್ಷದ ಹಿಂದೆ ಈ ಊರನ್ನಾಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತಾನೇ ಹಾಡು ಕಟ್ಟುತ್ತಿದ್ದ. ಸರಸ್ವತಿಯನ್ನು ಹೊಗಳಿ ಬರೆದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಇವತ್ತು ಇದ್ದಿದ್ದರೆ ಪಾಲಕರ ಸಭೆಯಲ್ಲಿ “ನಿಮ್ಮ ಹುಡುಗ ಅಭ್ಯಾಸದ ಕಡೆ ಲಕ್ಷ್ಯಾನ ಕೊಡವಲ್ಲರಿ” ಎಂಬ ದೂರು ಬಂದು, ಮರುದಿನವೇ ಅವನನ್ನು ಸೈನಿಕ ಶಾಲೆಯ ಕೋಚಿಂಗ್‌ಗೆ ಸೇರಿಸಿಬಿಡುತ್ತಿದ್ದರು. ಇನ್ನು ಗಂಟಲು ಬಿಟ್ಟು ಕೂಗಲು ಉಳಿದ ಜಾಗ ಗೋಲಗುಮ್ಮಟ. ಅಲ್ಲಿಗೂ ಮಾಸ್ತರು ಬೆನ್ನಿಗೇ ಬರುತ್ತಾರೆ. ಅವರು ಒಮ್ಮೆ “ಗಪ್!” ಎಂದರೆ ಗುಮ್ಮಟ ಮತ್ತೆ ಮತ್ತೆ “ಗಪ್” ಎನ್ನುತ್ತದೆ.

ಪಾತ್ರ ಹಂಚಿಕೆಯಂತೂ ಇನ್ನೂ ಮಜಾ. 1978ರ ‘ಗ್ರೀಸ್’ ಸಿನಿಮಾದಲ್ಲಿ ಹೈಸ್ಕೂಲ್ ಹುಡುಗಿಯ ಪಾತ್ರ ಮಾಡಿದ ನಟಿ ಸ್ಟಾಕರ್ಡ್ ಚಾನಿಂಗ್‌ಗೆ ಶೂಟಿಂಗ್ ಹೊತ್ತಿಗೆ 33 ವರ್ಷ. ಆ ವಯಸ್ಸಿಗೆ ನಮ್ಮಲ್ಲಿ ಮಗನ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿರುತ್ತಾರೆ, ಅಲ್ವಾ? ನಮ್ಮ ಶಾಲೆಯದು ಉಲ್ಟಾ. ಹೈಸ್ಕೂಲ್ ಹುಡುಗರ ಪಾತ್ರಕ್ಕೆ ಐದನೇ ಕ್ಲಾಸಿನವರು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು. ಯಾಕೆಂದರೆ ಹತ್ತನೇ ಕ್ಲಾಸಿನವರಿಗೆ ಗ್ಯಾದರಿಂಗ್‌ನಿಂದ ಪೂರ್ತಿ ವಿನಾಯಿತಿ. ಅವರಿಗೆ ಅದೇ ಸಂಜೆ ಮೇಲಿನ ಮಹಡಿಯಲ್ಲಿ ಸ್ಪೆಷಲ್ ಕ್ಲಾಸು. ಸ್ಪೀಕರ್ ಸದ್ದಿಗೆ ಪೈಥಾಗೊರಸ್ ಪ್ರಮೇಯ ಮರೆತುಹೋಗಬಾರದೆಂದು ಕಿಟಕಿಗಳನ್ನೂ ಮುಚ್ಚಿಸುತ್ತಾರಂತೆ. ಗ್ಯಾದರಿಂಗ್ ಫೀ ಮಾತ್ರ ಅವರಿಂದಲೂ ತೆಗೆದುಕೊಂಡಿದ್ದಾರೆ.