ಯಹೂದಿ ಡೆಲಿಗಳೆಲ್ಲ ಕೋಷರ್ ಅಲ್ಲ

ನ್ಯೂಯಾರ್ಕ್‌ನ ಕಾಟ್ಜ್ ಡೆಲಿಯಲ್ಲಿ (ಮಾಂಸದ ಸ್ಯಾಂಡ್‌ವಿಚ್ ಮುಂತಾದವು ಸಿಗುವ ಉಪಾಹಾರ ಗೃಹ) ಸಿಗುವುದೆಲ್ಲ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ಊಟ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. 1888ರಷ್ಟು ಹಳೆಯದಾದ ಈ ಡೆಲಿ ಯಹೂದಿ ಅಡುಗೆಗೆ ಹೆಸರಾಗಿದೆ ನಿಜ, ಆದರೆ ಕೋಷರ್ ಅಲ್ಲ. ಯಹೂದಿ ಆಹಾರ ನಿಯಮದ ಪ್ರಕಾರ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ತಿನ್ನುವಂತಿಲ್ಲ. ಇಲ್ಲಿನ ರೂಬೆನ್ ಸ್ಯಾಂಡ್‌ವಿಚ್‌ನಲ್ಲಿ ಗೋಮಾಂಸದ ಜತೆ ಸ್ವಿಸ್ ಚೀಸ್ ಇರುತ್ತದೆ. ಯಹೂದಿಗಳು ಕೆಲಸ ನಿಲ್ಲಿಸುವ ಸಬ್ಬತ್ ದಿನವಾದ ಶನಿವಾರವೂ ಬಾಗಿಲು ತೆರೆದೇ ಇರುತ್ತದೆ.

ಹಾಗಂತ ರುಚಿಗೇನೂ ಕುಂದಿಲ್ಲ. ಉಪ್ಪುನೀರಿನಲ್ಲಿ ನೆನೆಸಿ, ಕಾಳುಮೆಣಸು, ಕೊತ್ತಂಬರಿ ಬೀಜ ಸವರಿ, ಹೊಗೆಯಾಡಿಸಿ, ಹಬೆಯಲ್ಲಿ ಬೇಯಿಸಿದ ಗೋಮಾಂಸವಾದ ಪಾಸ್ಟ್ರಾಮಿಯನ್ನು ಕೈಯಲ್ಲೇ ಹೆಚ್ಚಿ, ಮೊದಲು ಒಂದು ತುಣುಕು ತಿಂದು ನೋಡಲು ಕೊಡುತ್ತಾರೆ. ಆದರೆ ನಿಯಮ ಪಾಲಿಸುವ ಸ್ನೇಹಿತರನ್ನು ಯಾವುದೇ ಡೆಲಿಗೆ ಕರೆದೊಯ್ಯುವಾಗ ಕೋಷರ್ ಪ್ರಮಾಣಪತ್ರ ಇದೆಯೇ ಎಂದು ದಯವಿಟ್ಟು ಮೊದಲೇ ವಿಚಾರಿಸಿ. ‘ಕೋಷರ್ ಶೈಲಿ’ ಎಂಬ ಬೋರ್ಡ್ ಸಾಲದು.