ಅಂಕಲ್, ಸ್ವಲ್ಪ ಪಕ್ಕಕ್ಕೆ

ಮೊಬೈಲ್ ಬಂದ ಮೇಲೆ ಎಲ್ಲರೊಳಗಿನ ಕಲಾವಿದ ಎದ್ದು ಕೂತಿದ್ದಾನೆ ಅಂತಾರೆ. ನಿಜ ಸ್ವಾಮಿ. ಮೊದಲು ಮಡಿಕೇರಿಗೆ ಬಂದವರು ರಾಜಾಸೀಟಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿ, ಕಡಲೆಕಾಯಿ ತಿಂದು ಎದ್ದು ಹೋಗುತ್ತಿದ್ದರು. ಈಗ ಸೂರ್ಯನಿಗೇ ಬೆನ್ನು ಹಾಕಿ ನಿಲ್ಲುತ್ತಾರೆ. ಮೊನ್ನೆ ಒಂದು ರೀಲ್ ಬಂತು, ‘ಕೊಡಗಿನಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ’ ಅಂತ. ನೋಡಿದರೆ ಅದೇ ರಾಜಾಸೀಟ್! ಹಿಂದೆ ಟಿಕೆಟಿನ ಕ್ಯೂ ಬೇರೆ ಕಾಣುತ್ತಿದೆ.

2020ರ ಜೂನ್ ಕೊನೆಗೆ ಟಿಕ್‌ಟಾಕ್ ಬ್ಯಾನ್ ಆದಾಗ ಉಸಿರು ಬಿಟ್ಟಿದ್ದೆವು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಮಾಂದಲಪಟ್ಟಿ ಬೆಟ್ಟದಲ್ಲಿ ಜೀಪಿನ ಮೇಲೆ ನಿಲ್ಲುವುದು, ಮಂಜಿಗೆ ಕೈ ಚಾಚುವುದು, ಹಿಂದೆ ಅದೇ ಹಾಡು. ಹಾಡು ಶುರುವಾದರೆ ಸಾಕು, ಡ್ರೈವರ್ ಯಾರೂ ಹೇಳದೆ ಗಾಡಿ ಸ್ಲೋ ಮಾಡುತ್ತಾನೆ. ಏಪ್ರಿಲ್‌ನಲ್ಲಿ ನಾಲ್ಕು ಆಲಿಕಲ್ಲು ಬಿದ್ದರೆ ‘ಹಿಮಪಾತ’. ಕೆಳಗೆ ‘ಭಾರತದ ಸ್ಕಾಟ್ಲೆಂಡ್’ ಅಂತ ತಪ್ಪದೆ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ ಕಾಫಿ ಬೆಳೆಯೋದಿಲ್ಲ, ಅದು ಬೇರೆ ಮಾತು.

ನಮ್ಮ ಪಕ್ಕದ ಮನೆ ಅತ್ತೆಯೂ ವಿಡಿಯೋ ಮಾಡುತ್ತಾರೆ. ನಮ್ಮ ಕೊಡಗಿನ ಹುಳಿ, ಕಾಚಂಪುಳಿಯ ಬಾಟಲಿಗೆ ಫೋನ್ ಒರಗಿಸಿ ಅಕ್ಕಿತರಿಯ ಪಾಪುಟ್ಟು ಮಾಡುವುದು ಹೇಗೆ ಅಂತ. ಅರ್ಧ ಹೊತ್ತು ಬಳೆ ಕಾಣುತ್ತದೆ, ಇನ್ನರ್ಧ ಹೊತ್ತು ಅಡುಗೆಮನೆಯ ಹೆಂಚು. ನಡುವೆ ಫೋನ್ ದಬಕ್ಕನೆ ಬೀಳುತ್ತದೆ, ‘ಅಯ್ಯೋ’ ಅಂತಾರೆ, ಅದನ್ನೂ ತೆಗೆಯೋದಿಲ್ಲ. ನನಗಂತೂ ಬಹಳ ಇಷ್ಟ. 41 ವ್ಯೂಸ್ ಬಂದಿದೆ. ಅದರಲ್ಲಿ ಅರ್ಧ ನಂದೇ, ನಮ್ಮಲ್ಲಿ ನೆಟ್‌ವರ್ಕ್ ಕಡಿದು ಕಡಿದು ಮತ್ತೆ ಮತ್ತೆ ಹಾಕಿದ್ದು.

ಆದರೆ ಬೆಳೆಯುತ್ತಿರುವ ಪ್ರತಿಭೆ ಕಂಡದ್ದು ಈ ಸಲ ಹೂವಿನ ಹೊತ್ತಲ್ಲಿ. ಹೂ ಅರಳಿಸುವ ಹೂಮಳೆ ಬಿದ್ದು ಎಂಟು-ಒಂಬತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗಿತ್ತು. ಆಗ ನಾವು ಆಳುಗಳನ್ನೂ ಒಳಗೆ ಬಿಡೋದಿಲ್ಲ. ರೊಬಸ್ಟಾ ಕಾಫಿ ಹೂವಿಗೆ ಬೇರೆ ಗಿಡದ ಪರಾಗ ಬೇಕು, ಜೇನು ಓಡಾಡಬೇಕು, ಗಾಳಿ ಆಡಬೇಕು. ಹೋಗಿ ನೋಡಿದರೆ ಒಬ್ಬಳು ಬಿಳಿ ಗೌನ್ ಹಾಕಿ ಗಿಡದ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದಾಳೆ. ಇಬ್ಬರು ರೆಂಬೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಹೂ ಉದುರಬೇಕಂತೆ, ಸ್ಲೋ ಮೋಷನ್ನಲ್ಲಿ.

“ಯಾರಪ್ಪಾ ನೀವು?” ಅಂದೆ.

“ಅಂಕಲ್, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಫ್ರೇಮ್‌ಗೆ ಬರ್ತಿದ್ದೀರಿ.”

ನನ್ನ ತೋಟ. ಬೇಲಿ ಇತ್ತು, ಬೋರ್ಡೂ ಇತ್ತು. ಒಂದೊಂದು ಹೂವೂ ಒಂದೊಂದು ಹಣ್ಣಾಗಬೇಕಾದದ್ದು ಕಣ್ರೀ. ಅದರಲ್ಲೇ ಸೊಸೈಟಿ ಸಾಲ ತೀರಬೇಕು, ಕೂಲಿ ಕೊಡಬೇಕು, ಮಗಳ ಫೀಸು ಕಟ್ಟಬೇಕು. ಮಳೆ ಕೈಕೊಟ್ಟರೆ ತಡ್ಕೊಂಡ್ವಿ, ಆನೆ ಬಂದು ತುಳಿದರೂ ತಡ್ಕೊಂಡ್ವಿ. ಇದನ್ನು ತಡ್ಕೊಳ್ಳೋಕೆ ನನಗೆ ಆಗ್ತಿಲ್ಲ.

ರೀಲ್ ಚೆನ್ನಾಗೇ ಬಂದಿದೆ. ಕೊನೆಯಲ್ಲಿ ನನ್ನ ಟೋಪಿಯೂ ಕಾಣುತ್ತದೆ. ಕೆಳಗೆ ಯಾರೋ ‘ಲೊಕೇಶನ್ ಪ್ಲೀಸ್’ ಅಂತ ಕೇಳಿದ್ದರು, ಇವರು ಪಾಪ, ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ಗೇಟಿನ ಮುಂದೆ ನಾಲ್ಕು ಕಾರು ನಿಂತಿದ್ದವು.