ಅಂಜುದೀವ್ ಗೆದ್ದ ಮರುದಿನ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜಗಳವೇ ಆಯಿತು. ತಂಗಿಯ ಮಗ ಯಾವುದೋ ಯುದ್ಧದ ವಿಡಿಯೊ ಹಾಕಿ, 'ಸೈನ್ಯಕ್ಕೆ ಇನ್ನೆರಡು ದಿನ ಬಿಟ್ಟಿದ್ದರೆ ಎಲ್ಲ ಮುಗಿದು ಹೋಗುತ್ತಿತ್ತು' ಎಂದು ಬರೆದ. ನಾನು 'ಮೂರನೇ ದಿನ ಏನು ಮಾಡಬೇಕಿತ್ತು?' ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. ಸೈನಿಕರ ಮೇಲೆ ನನಗೆ ಗೌರವ ಇಲ್ಲ ಅಂದುಕೊಂಡ. ನನಗೆ ಅದು ತುಂಬಾ ನೋವಾಯಿತು. ಸೈನಿಕರು ಜೀವ ಕೊಟ್ಟು ಗೆದ್ದದ್ದು ಉಳಿಯಬೇಕು ಅನ್ನುವ ಕಾರಣಕ್ಕೇ ನಾನು ಆ ಪ್ರಶ್ನೆ ಕೇಳಿದ್ದು. ಗುಂಪಿನಲ್ಲಿ ಬಿಡಿಸಿ ಹೇಳಲು ಆಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರಸೊತ್ತು ಇದ್ದಾಗ ಓದಿ.

ಕಾರವಾರದವರಿಗೆ ಇದನ್ನು ಹೇಳಲು ದೂರದ ಉದಾಹರಣೆ ಬೇಕಾಗಿಲ್ಲ. ಅಂಜುದೀವ್ ದ್ವೀಪ ನಮ್ಮ ಕಣ್ಣೆದುರೇ ಇದೆ. ಈಗ ಅದು ನೌಕಾನೆಲೆಯ ಒಳಗೆ ಸೇರಿದೆ, ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಜೋಡಿಸಿದ್ದಾರೆ. ಇಷ್ಟು ಹತ್ತಿರ ಇದ್ದರೂ ಕಾಗದದಲ್ಲಿ ಅದು ಗೋವಾದ್ದು. 1961ರವರೆಗೆ ಅಲ್ಲಿ ಪೋರ್ಚುಗೀಸರ ಬಾವುಟ ಹಾರುತ್ತಿತ್ತು. ಆ ವರ್ಷ ನವೆಂಬರ್‌ನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಆಮೇಲೆ ಮೀನುಗಾರರ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ಬಿಳಿ ಬಾವುಟ ಕಂಡಿತ್ತು, ಆದರೂ ಗುಂಡು ಬಂತು. ಏಳು ಮಂದಿ ನಾವಿಕರು ಅಲ್ಲಿ ಸತ್ತರು. ಅವರ ಸ್ಮಾರಕ ಆ ದ್ವೀಪದಲ್ಲೇ ಇದೆ. ಮರುದಿನ ದ್ವೀಪವೂ ನಮ್ಮದಾಯಿತು, ಇಡೀ ಗೋವಾವೂ ನಮ್ಮದಾಯಿತು. ಪೋರ್ಚುಗಲ್‌ನಿಂದ ಅಲ್ಲಿಯ ಪ್ರಧಾನಿ ಸಲಜಾರ್ 'ಕೊನೆಯವನು ಸಾಯುವವರೆಗೂ ಹೋರಾಡಿ' ಎಂದು ಆಜ್ಞೆ ಕಳಿಸಿದ್ದರೂ, ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ 19ರಂದು ಶರಣಾದರು. ಅಷ್ಟೊಂದು ಜೀವ ಸುಮ್ನೆ ಹೋಗುವುದು ಅವರಿಗೂ ಬೇಡವಾಗಿತ್ತು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. 36 ಗಂಟೆಯಲ್ಲಿ ಗೋವಾ ಗೆದ್ದೆವು ಎನ್ನುತ್ತೇವೆ. ನನ್ನ ಮಾತು ಶುರುವಾಗುವುದು 37ನೇ ಗಂಟೆಯಿಂದ.

450 ವರ್ಷ ಬೇರೆಯವರ ಕೈಯಲ್ಲಿದ್ದ ಊರು ಅದು. ಅಲ್ಲಿಯ ಕಾನೂನು ಬೇರೆ, ದುಡ್ಡು ಬೇರೆ, ಕಚೇರಿಯ ಭಾಷೆ ಬೇರೆ. ಸೈನ್ಯ ಇಟ್ಟು ಕಾಯುತ್ತೇವೆ ಎಂದು ಹೊರಟಿದ್ದರೆ ಏನಾಗುತ್ತಿತ್ತೋ. ಹಾಗೆ ಮಾಡಲಿಲ್ಲ. ಗೆದ್ದ ಸೇನೆಯ ಮುಖ್ಯಸ್ಥ ಮೇಜರ್ ಜನರಲ್ ಕ್ಯಾಂಡೆತ್ ಕೆಲವೇ ತಿಂಗಳು ಆಡಳಿತ ನೋಡಿಕೊಂಡರು. 1962ರ ಜೂನ್‌ನಲ್ಲಿ ಅಧಿಕಾರ ಸಿವಿಲ್ ಆಡಳಿತಕ್ಕೆ ಹೋಯಿತು. ಗೋವಾವನ್ನು ಭಾರತಕ್ಕೆ ಸೇರಿಸಲು ಸಂವಿಧಾನಕ್ಕೆ 12ನೇ ತಿದ್ದುಪಡಿ ಬಂತು. ಸೆರೆ ಸಿಕ್ಕಿದ್ದ 3,000ಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರನ್ನು ಊರಿಗೆ ಕಳಿಸಿದರು. 1963ರ ಡಿಸೆಂಬರ್‌ನಲ್ಲಿ ಚುನಾವಣೆ. ಮುಂದಿನ ವರ್ಷವೇ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ. ಮದುವೆ, ಆಸ್ತಿ ಪಾಲಿನ ವಿಷಯದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಅನ್ನು ಹಾಗೆಯೇ ಬಿಟ್ಟರು. ಅದರಲ್ಲಿ ಬಹಳಷ್ಟು ಇವತ್ತಿಗೂ ಅಲ್ಲಿ ನಡೆಯುತ್ತಿದೆ. ಗೆದ್ದವನು ಸೋತವನ ಗುರುತನ್ನೆಲ್ಲ ಅಳಿಸಲು ಹೊರಡಲಿಲ್ಲ. ನನ್ನ ಪ್ರಕಾರ ಹಡಗು, ಫಿರಂಗಿಗಳಷ್ಟೇ ದೊಡ್ಡ ಕೆಲಸ ಇದು.

ಇನ್ನೊಂದು ವಿಷಯ. ಯುದ್ಧಕ್ಕಿಂತ ಮುಂಚೆಯೇ ಅರ್ಧ ಕೆಲಸ ಆಗಿತ್ತು. ಗೋವಾ ಪೋರ್ಚುಗಲ್‌ನ ಜಿಲ್ಲೆ ಅಲ್ಲ, ವಸಾಹತು ಎಂದು ವಿಶ್ವಸಂಸ್ಥೆಯ ಮಹಾಸಭೆ 1960ರಲ್ಲೇ ಹೇಳಿತ್ತು. ಹಾಗಾಗಿ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧ ನಿರ್ಣಯ ಬಂದಾಗ, ಸೋವಿಯತ್ ಒಕ್ಕೂಟ ವೀಟೊ ಹಾಕಲು ಕಾರಣ ತಯಾರಿತ್ತು. ಅಂಜುದೀವ್‌ಗೆ ದೋಣಿ ಇಳಿಸಿದ ದಿನವೇ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಬಾಗಿಲು ಕಾಯುತ್ತಿದ್ದವರು ಇದ್ದರು. ನನ್ನ ತಂಗಿಯ ಮಗ ನೋಡುವ ವಿಡಿಯೊಗಳಲ್ಲಿ ಈ ಭಾಗ ಬರುವುದೇ ಇಲ್ಲ.

ಇದಕ್ಕೆ ಸರಿಯಾಗಿ ಉಲ್ಟಾ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದರೆ ಸೋಂದಾ, ಅಂದರೆ ಸೋದೆ, ಸಿಗುತ್ತದೆ. ವಾದಿರಾಜ ಮಠಕ್ಕೆ ಹೋದವರೆಲ್ಲ ನೋಡಿದ ಊರು. ಒಂದು ಕಾಲದಲ್ಲಿ ಅಲ್ಲಿಯ ಅರಸರ ನೆಲ ಘಟ್ಟದ ಕೆಳಗೂ ಇತ್ತು. ಕಾಳಿ ನದಿಯ ದಡದ ಸದಾಶಿವಗಡ ಅವರು ಕಟ್ಟಿಸಿದ್ದು. ಈಗ ಗೋವಾದಲ್ಲಿರುವ ಫೋಂಡಾ, ಕೇಪೆ, ಕಾಣಕೋಣದ ಕಡೆಯೂ ಅವರದೇ ಅಧಿಕಾರ. 1763ರಲ್ಲಿ ಬಿದನೂರು ಹಿಡಿದ ಮೇಲೆ ಹೈದರಾಲಿಯ ಸೈನ್ಯ ಸೋದೆಯ ಮೇಲೂ ಬಂತು. ಯುದ್ಧದ ಲೆಕ್ಕದಲ್ಲಿ ಪೂರ್ತಿ ಗೆಲುವು. ಆದರೆ ಅರಸ ಸಿಗಲಿಲ್ಲ. ಓಡಿ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಸರೆ ಪಡೆದ. ಆಸರೆ ಕೊಟ್ಟವರು ಘಟ್ಟದ ಕೆಳಗಿನ ಅವನ ನೆಲವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಮುಂದೆ ಒಪ್ಪಂದ ಮಾಡಿಕೊಂಡು ಅದನ್ನು ಖಾಯಂ ಮಾಡಿಕೊಂಡರು.

ಯೋಚನೆ ಮಾಡಿ. ಸೋದೆಯನ್ನು ಗೆದ್ದವನು ಹೈದರ್. ನೆಲ ಹೆಚ್ಚಾದದ್ದು ಪೋರ್ಚುಗೀಸರದ್ದು. ನಮ್ಮ ಮಾಜಾಳಿ ದಾಟಿದರೆ ಸಿಗುವ ಪೋಳೆಂ ಗಡಿ ಇದೆಯಲ್ವಾ, ಅದು ಅಲ್ಲಿ ಬಂದು ನಿಂತದ್ದು ಆ ಗೆಲುವಿನಿಂದಲೇ. ಹೈದರನ ಮಗ ಟಿಪ್ಪು 1799ರಲ್ಲಿ ಹೋದರು, ಮೈಸೂರಿನ ಆ ರಾಜ್ಯವೂ ಹೋಯಿತು. ಸೋತ ಅರಸನನ್ನು ಏನು ಮಾಡಬೇಕು ಎಂದು ಯಾರೂ ಯೋಚಿಸದೆ ಬಿಟ್ಟದ್ದರಿಂದ ಹುಟ್ಟಿದ ಗಡಿ ಮಾತ್ರ 1961ರವರೆಗೂ ಉಳಿಯಿತು. ಕಾಣಕೋಣದಲ್ಲಿ ನೆಂಟರು ಇರುವ ನಮ್ಮಂಥವರ ಮನೆಗಳಲ್ಲಿ ಅದರ ನೋವು ಇನ್ನೂ ಮಾತಾಗಿ ಉಳಿದಿದೆ. ನನ್ನ ಅತ್ತೆಯ ವಿಷಯ ಆಮೇಲೆ ಹೇಳುತ್ತೇನೆ.

ಪಾಕಿಸ್ತಾನದ ಜೊತೆಗಿನ 1971ರ ಯುದ್ಧಕ್ಕೆ ಬರಲೇಬೇಕು, ಯಾಕಂದರೆ ಆ ದಿನ ಗುಂಪಿನಲ್ಲಿ ಜಾಸ್ತಿ ಮಾತಾಡಿದ್ದು ಅದರ ಬಗ್ಗೆಯೇ. ಟಾಗೋರ್ ಬೀಚಿನಲ್ಲಿ 'ಚಪಲ್' ಹಡಗು ಇದೆಯಲ್ಲ. ಅದು ಆ ಯುದ್ಧದ ನಂತರ ನೌಕಾಪಡೆಗೆ ಬಂದದ್ದು, ಆದರೆ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳದ್ದೇ ಜಾತಿ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ, ಹೆಮ್ಮೆ ಪಡುತ್ತೇವೆ. ಪಡಬೇಕು. ಆಮೇಲೆ ಮನೆಗೆ ಬಂದು, '93,000 ಕೈದಿಗಳು ಕೈಯಲ್ಲಿದ್ದರೂ ಶಿಮ್ಲಾ ಒಪ್ಪಂದದಲ್ಲಿ ಎಲ್ಲ ಕಳೆದುಕೊಂಡೆವು' ಎನ್ನುತ್ತೇವೆ. ನಾನೂ ಎಷ್ಟೋ ವರ್ಷ ಹೀಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಯುದ್ಧ ಯಾಕೆ ಮಾಡಿದೆವು ಎಂದು ಮೊದಲು ನೋಡಬೇಕು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲಕ್ಕೆ ಬಂದಿದ್ದರು. ಅವರು ವಾಪಸ್ ಹೋಗಬೇಕಿತ್ತು. ಹೋದರು. ಹೋಗಲು ಒಂದು ದೇಶ ಇತ್ತು. ಆ ದೇಶವನ್ನು ನಡೆಸಲು ಜನ ಯಾರು? 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಕ್ಷೇತ್ರಗಳಲ್ಲಿ 160 ಗೆದ್ದಿದ್ದ ಅವಾಮಿ ಲೀಗ್. ಅವರ ಸರ್ಕಾರ 1971ರ ಏಪ್ರಿಲ್‌ನಲ್ಲೇ ಪ್ರಮಾಣ ವಚನ ತೆಗೆದುಕೊಂಡಿತ್ತು. ನಮ್ಮ ಸೈನ್ಯ ಢಾಕಾ ತಲುಪುವಾಗ, ಆ ಊರನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ ಇರಲಿಲ್ಲ. ಉತ್ತರ ಎಂಟು ತಿಂಗಳ ಹಿಂದೆಯೇ ಸಿಕ್ಕಿತ್ತು. 1972ರ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಅಲ್ಲಿಂದ ಹೊರಟು ಬಂತು. ಗೆದ್ದು ಮೂರು ತಿಂಗಳಿಗೆ! ಇನ್ನೂ ಎರಡು ವರ್ಷ ಅಲ್ಲೇ ಕೂತಿದ್ದರೆ, ಬಿಡುಗಡೆ ಮಾಡಿದವರು ಎಂಬ ಹೆಸರು ಹೋಗಿ ಆಕ್ರಮಿಸಿದವರು ಎಂಬ ಹೆಸರು ಬರುತ್ತಿತ್ತು. ಆಮೇಲೆ ಎರಡು ದೇಶಗಳ ನಡುವೆ ಏನೇನೋ ಆಗಿದೆ, ಸಿಹಿ ಕಹಿ ಎರಡೂ. ಆದರೆ ಬಾಂಗ್ಲಾದೇಶ ಉಳಿದಿದೆ.

ಪಶ್ಚಿಮದ ಕಡೆಗೆ ಮಾತ್ರ ಆ ಥರದ ಉತ್ತರ ನಮ್ಮಲ್ಲಿ ಇರಲಿಲ್ಲ. ಕಾಶ್ಮೀರದ ವಿಷಯವನ್ನು ಹೇಗೆ ಮುಗಿಸಬೇಕು ಎಂದು ಯುದ್ಧಕ್ಕೆ ಮೊದಲು ಕೂತು ಯೋಜನೆ ಮಾಡಿರಲಿಲ್ಲ. ಯುದ್ಧ ಮುಗಿದ ಮೇಲೆ, 1972ರ ಜುಲೈನಲ್ಲಿ, ಮೇಜಿನ ಎದುರು ಕೂತು ಹುಡುಕಲು ಹೋದೆವು. ನಿಯಂತ್ರಣ ರೇಖೆ ಎಂಬ ಹೆಸರು ಸಿಕ್ಕಿತು, ಇಬ್ಬರೇ ಮಾತಾಡಿಕೊಳ್ಳೋಣ ಎಂಬ ಮಾತು ಸಿಕ್ಕಿತು. ಅದು ಕಡಿಮೆಯೇನಲ್ಲ, ಸಾಕಾಗಲೂ ಇಲ್ಲ. ಕೈದಿಗಳನ್ನು ಜಾಸ್ತಿ ದಿನ ಇಟ್ಟುಕೊಂಡಿದ್ದರೆ ಸರಿಯಾಗುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಕೈದಿಯನ್ನು ಕೊಟ್ಟು ಏನು ಪಡೆಯಬೇಕು ಎಂಬುದು ಮೊದಲೇ ಗೊತ್ತಿರಬೇಕಿತ್ತು.

ಪ್ರಶ್ಯದ (ಈಗಿನ ಜರ್ಮನಿಯ ಕಡೆಯ ರಾಜ್ಯ) ಪ್ರಧಾನಿ ಬಿಸ್ಮಾರ್ಕ್‌ನ ವಿಷಯ ಡಿಗ್ರಿಯಲ್ಲಿ ಓದಿದ್ದು, ಈಗಲೂ ನೆನಪಾಗುತ್ತದೆ. 1866ರ ಜುಲೈ 3ರಂದು ಪ್ರಶ್ಯದ ಸೈನ್ಯ ಆಸ್ಟ್ರಿಯವನ್ನು ಒಂದೇ ದಿನದ ಕಾಳಗದಲ್ಲಿ ಸೋಲಿಸಿತು. ವಿಯೆನ್ನಾಕ್ಕೆ ಮೆರವಣಿಗೆ ಹೋಗಬೇಕು ಎಂದು ರಾಜನಿಗೆ ಆಸೆ, ಸೇನಾಧಿಕಾರಿಗಳಿಗೂ ಆಸೆ. ಬಿಸ್ಮಾರ್ಕ್ ಹಟ ಹಿಡಿದು ತಡೆದ. ಆಸ್ಟ್ರಿಯದ ಒಂದು ಗೇಣು ನೆಲವನ್ನೂ ಪ್ರಶ್ಯಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷದ ನಂತರ ಫ್ರಾನ್ಸ್ ಜೊತೆ ಯುದ್ಧವಾದಾಗ ಆಸ್ಟ್ರಿಯ ಸೇಡಿಗೆ ಬರಲಿಲ್ಲ, ದೂರ ನಿಂತಿತು. ಆದರೆ ಅದೇ ಬಿಸ್ಮಾರ್ಕ್ 1871ರಲ್ಲಿ ಫ್ರಾನ್ಸ್‌ನಿಂದ ಅಲ್ಸೇಸ್ ಮತ್ತು ಲೊರೇನ್ ಕಿತ್ತುಕೊಂಡ. ಫ್ರೆಂಚರು ಅದನ್ನು ಮರೆಯಲೇ ಇಲ್ಲ. ಒಬ್ಬನೇ ಮನುಷ್ಯ, ಐದು ವರ್ಷದ ಅಂತರ.

ಶ್ರೀಲಂಕಾ ನೆನೆದರೆ ಹೊಟ್ಟೆ ಉರಿಯುತ್ತದೆ. 1987ರಲ್ಲಿ ನಮ್ಮ ಹುಡುಗರು ತಮಿಳು ಹುಲಿಗಳಿಂದ (ಎಲ್‌ಟಿಟಿಇ) ಜಾಫ್ನಾ ಹಿಡಿದರು. ಬಹಳ ಕಷ್ಟಪಟ್ಟು ಹಿಡಿದರು. ಹಿಡಿದ ಮೇಲೆ ಅದನ್ನು ತಮ್ಮದು ಎಂದು ನಡೆಸುವ, ಜನ ನಂಬುವ ಕೈ ಅಲ್ಲಿ ಇರಲಿಲ್ಲ. ಶಾಂತಿ ಕಾಯಲು ಹೋದವರು ಯಾರ ಪರ ಎಂಬುದೇ ಅಲ್ಲಿಯ ತಮಿಳರಿಗೂ ಸ್ಪಷ್ಟ ಆಗಲಿಲ್ಲ, ಸಿಂಹಳರಿಗೂ ಆಗಲಿಲ್ಲ. 1990ರ ಮಾರ್ಚ್‌ನಲ್ಲಿ ವಾಪಸ್ ಬಂದಾಗ ಸುಮಾರು 1,200 ಸೈನಿಕರನ್ನು ಕಳೆದುಕೊಂಡಿದ್ದೆವು. ಧೈರ್ಯದಲ್ಲಿ ಅವರು ಅಂಜುದೀವ್‌ಗೆ ಇಳಿದವರಿಗಿಂತ ಕಡಿಮೆ ಇದ್ದರಾ? ಖಂಡಿತ ಇಲ್ಲ. ಅವರನ್ನು ಕಳಿಸಿದವರ ಹತ್ತಿರ 37ನೇ ಗಂಟೆಯ ಯೋಜನೆ ಇರಲಿಲ್ಲ. ಅಮೆರಿಕದಂಥ ದೇಶಕ್ಕೂ ಇದೇ ಆಯಿತು. 2003ರ ಏಪ್ರಿಲ್ 9ಕ್ಕೆ ಬಗ್ದಾದ್ ಬಿತ್ತು. ಮೇ ತಿಂಗಳಲ್ಲಿ ಇರಾಕಿನ ಸೈನ್ಯವನ್ನೇ ವಿಸರ್ಜಿಸಿದರು. ಬಂದೂಕು ಗೊತ್ತಿರುವ ಲಕ್ಷಾಂತರ ಗಂಡಸರು ಒಂದೇ ದಿನದಲ್ಲಿ ಸಂಬಳ ಇಲ್ಲದೆ ಬೀದಿಗೆ ಬಂದರು. ಮುಂದಿನದು ನಿಮಗೇ ಗೊತ್ತು.

ಹಾಗಾಗಿ ತಂಗಿಯ ಮಗನಿಗೆ ನಾನು ಹೇಳುವುದು ಇಷ್ಟು. ನೀನು ಟಿವಿಯಲ್ಲಿ ನಕ್ಷೆಯ ಮೇಲೆ ಕೆಂಪು ಬಾಣಗಳನ್ನು ನೋಡುತ್ತೀಯಲ್ಲ, ಆ ಬಾಣದ ತುದಿಯಲ್ಲಿ ಒಂದು ಊರು ಇರುತ್ತದೆ. ಆ ಊರಿನಲ್ಲಿ ಮುಂದಿನ ತಿಂಗಳು ರೇಷನ್ ಹಂಚುವವರು ಯಾರು, ಶಾಲೆ ತೆರೆಯುವವರು ಯಾರು, ಸೋತವನಿಗೆ ಮನೆಗೆ ಹೋಗಲು ದಾರಿ ಬಿಟ್ಟಿದ್ದಾರಾ? ಇದನ್ನು ಕೇಳುವುದು ಸೈನ್ಯಕ್ಕೆ ಅವಮಾನ ಅಲ್ಲ. ನಿನಗೇ ನೌಕಾಪಡೆ ಸೇರುವ ಆಸೆ ಇದೆ. ನಿನ್ನನ್ನು ಕಳಿಸುವವರ ಹತ್ತಿರ ಈ ಉತ್ತರಗಳು ಇರಬೇಕು ಎಂದು ನಿನ್ನ ಮಾವನಾಗಿ ನಾನು ಬಯಸುತ್ತೇನೆ.

ಇನ್ನು ಅತ್ತೆಯ ವಿಷಯ. ನನ್ನ ಅಪ್ಪನ ಅಕ್ಕ. ಕಾಣಕೋಣದ ಹಳ್ಳಿಗೆ ಮದುವೆಯಾಗಿ ಹೋದವರು. ಬೈತಕೋಲದ ನಮ್ಮ ಮನೆಯಿಂದ ಆಗಿನ ಕಾಲಕ್ಕೆ ಅರ್ಧ ದಿನದ ದಾರಿ. 1955ರ ನಂತರ ಗಡಿಯಲ್ಲಿ ಓಡಾಟ ಬಿಗಿಯಾಯಿತು. ಅಜ್ಜ ತೀರಿಕೊಂಡಾಗ ಅವರಿಗೆ ಬರಲು ಆಗಲಿಲ್ಲ. ಸುದ್ದಿ ಮುಟ್ಟಿದ್ದೇ ಹತ್ತು ದಿನ ಕಳೆದ ಮೇಲೆ. ಅಂಜುದೀವ್ ಗೆದ್ದ ನಂತರದ ಬೇಸಿಗೆಯಲ್ಲಿ ಅವರು ತವರಿಗೆ ಬಂದರು. ಒಂದು ವಾರ ಇದ್ದು ಅತ್ತು ಹೋದರು ಎಂದು ಅಮ್ಮ ಹೇಳುತ್ತಿದ್ದರು.

ಆದರೆ ಅತ್ತೆ ತಾವಾಗಿಯೇ ಮತ್ತೆ ಮತ್ತೆ ಹೇಳುತ್ತಿದ್ದದ್ದು ಆ ಡಿಸೆಂಬರ್‌ನ ಕಥೆ ಅಲ್ಲ. 1967ರ ಜನವರಿ 16ರ ಕಥೆ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ, ಬೇರೆಯಾಗಿಯೇ ಇರಬೇಕಾ ಎಂದು ಅಲ್ಲಿಯ ಜನರನ್ನೇ ಕೇಳಿದರು. ಸೇರಬೇಕು ಎನ್ನುವವರಿಗೆ ಹೂವಿನ ಚಿಹ್ನೆ, ಬೇಡ ಎನ್ನುವವರಿಗೆ ಎರಡು ಎಲೆ. 34,021 ಮತಗಳ ಅಂತರದಲ್ಲಿ ಎರಡು ಎಲೆ ಗೆದ್ದಿತು. ಆ ದಾರಿಯಲ್ಲೇ ಮುಂದೆ 1987ರ ಮೇ 30ರಂದು ಗೋವಾ ರಾಜ್ಯವಾಯಿತು. ಪೋರ್ಚುಗಲ್ ಸಹ 1974ರ ಕೊನೆಯ ದಿನ ಸಹಿ ಹಾಕಿ, ಗೋವಾ ಭಾರತದ್ದು ಎಂದು ಒಪ್ಪಿಕೊಂಡಿತ್ತು.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಬೇಗ ಎದ್ದು, ಹೊಸ ಸೀರೆ ಉಟ್ಟು, ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಹೋದರಂತೆ. 'ನಮ್ಮನ್ನು ಅಷ್ಟು ದೊಡ್ಡ ಮಾತು ಯಾರೂ ಕೇಳಿರಲಿಲ್ಲ' ಎನ್ನುತ್ತಿದ್ದರು. ಯಾವುದಕ್ಕೆ ಹಾಕಿದಿರಿ ಎಂದು ನಾವು ಮಕ್ಕಳು ಕೇಳಿದರೆ, ಎರಡು ಬೆರಳು ಎತ್ತಿ 'ದೋನ್ ಪಾನಾಂ' ಎಂದು ಕೊಂಕಣಿಯಲ್ಲಿ ಹೇಳಿ ನಗುತ್ತಿದ್ದರು.